ಅಡುಗೆಮನೆಗೊಂದು ಹತ್ತಿಯ ಕವಚ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಬೆಳಗಿನ ಅಡುಗೆ ನಡೆಯುವುದು ಲೋಕಲ್ ರೈಲಿನ ವೇಳೆಯನ್ನನುಸರಿಸಿ. ಒಂದು ಒಲೆಯ ಮೇಲೆ ಚಪಾತಿ, ಪಕ್ಕದ ಒಲೆಯ ಮೇಲೆ ಪಲ್ಯದ ಒಗ್ಗರಣೆ, ಕಟ್ಟೆಯ ಮೇಲೆ ಬಾಯ್ತೆರೆದು ಕಾದಿರುವ ಮೂರು ಡಬ್ಬಿಗಳು. ಇಷ್ಟು ಆತುರದಲ್ಲಿ ಗೃಹಿಣಿ ಧರಿಸಿರುವ ಬಟ್ಟೆ ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ಅದು ಬಹುಮಟ್ಟಿಗೆ ಪಾಲಿಯೆಸ್ಟರ್ ಬೆರೆತ ಸಡಿಲವಾದ ನೈಟಿ, ಇಲ್ಲವೆ ಹಗುರವಾದ ಸಿಂಥೆಟಿಕ್ ಸೀರೆ. ಊರಿನಲ್ಲಿ ನಮ್ಮ ಅಜ್ಜಿಯಂದಿರು ಹತ್ತಿಯ ಸೀರೆಯುಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಒಲೆಯ ಮುಂದೆ ಕೂರುತ್ತಿದ್ದರು. ನೈಲಾನ್, ಟೆರಿಲೀನ್‌ಗಳು ಬಂದ ಮೇಲೆ ಒಗೆಯುವ, ಇಸ್ತ್ರಿ ಮಾಡುವ ಶ್ರಮ ತಗ್ಗಿತೆಂಬುದು ನಿಜ. ಆದರೆ ಹತ್ತಿಗೂ ಇವಕ್ಕೂ ಬೆಂಕಿಯ ಮುಂದೆ ಇರುವ ಅಂತರವನ್ನು ಮಾತ್ರ ಮರೆತೆವು.

ಹತ್ತಿಯೂ ಉರಿಯುತ್ತದೆ, ಅದರಲ್ಲಿ ಭ್ರಮೆ ಬೇಡ. ಆದರೆ ಪಾಲಿಯೆಸ್ಟರ್ ಮತ್ತು ನೈಲಾನ್‌ಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ, ಅಂಟಿದಲ್ಲಿ ಸುಟ್ಟಗಾಯವನ್ನು ಆಳಗೊಳಿಸುತ್ತವೆ. ಆದುದರಿಂದ ಅಡುಗೆಮನೆಯಲ್ಲಿ ಎದೆಯಿಂದ ಮೊಣಕಾಲಿನ ಕೆಳಗಿನವರೆಗೆ ಕಟ್ಟಿಕೊಳ್ಳುವ ದಪ್ಪ ಹತ್ತಿಯ ಏಪ್ರನ್ ಹೋಟೆಲಿನವರ ವೇಷವೆಂದು ನಗುವುದು ತರವಲ್ಲ. ಸೆರಗನ್ನೂ ದುಪಟ್ಟಾವನ್ನೂ ಒಳಗೆ ಬಂಧಿಸಿಡುವುದು ಅದರ ಮುಖ್ಯ ಕೆಲಸ. ಬಟ್ಟೆ ಕೊಳೆಯಾಗದಂತೆ ಕಾಯುವುದು ಆಮೇಲಿನದು. ಜೀವವಿಮೆಯ ಕಂತನ್ನು ತಪ್ಪದೆ ಕಟ್ಟುವ ಮನೆಗಳು ಒಂದು ಮೀಟರ್ ಬಟ್ಟೆಯ ಈ ವಿಮೆಯನ್ನೇಕೆ ಕಡೆಗಣಿಸುತ್ತವೆಯೋ ತಿಳಿಯದು.

ಅಂಗಡಿಯಲ್ಲಿ ಸಿದ್ಧ ಏಪ್ರನ್‌ಗಳು ದೊರೆಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ದೊರೆಯುತ್ತವೆ. ಅವುಗಳಲ್ಲಿ ಹಲವು ಪಾಲಿಯೆಸ್ಟರಿನವು, ಕೆಲವು ಪ್ಲಾಸ್ಟಿಕ್ ಲೇಪದವು, ಹೆಚ್ಚಿನವು ಎಲ್ಲರಿಗೂ ಒಂದೇ ಅಳತೆಯವು. ಗಿಡ್ಡಗಿರುವವರಿಗೆ ಎದೆಯ ಭಾಗ ಜೋಲುತ್ತದೆ, ದಪ್ಪಗಿರುವವರಿಗೆ ಪಕ್ಕಗಳು ಬಯಲಾಗುತ್ತವೆ. ಮದುವೆಯಲ್ಲಿ ಬಂದ ಹೊಲಿಗೆಯಂತ್ರ ಎಷ್ಟೋ ಮನೆಗಳಲ್ಲಿ ಹಾಸುಬಟ್ಟೆ ಹೊದ್ದು ಟೆಲಿಫೋನು, ಹೂದಾನಿಗಳನ್ನು ಹೊತ್ತು ನಿಂತಿರುವಾಗ, ತನ್ನ ಅಳತೆಗೆ ತಾನೇ ನಮೂನೆ ಕತ್ತರಿಸಿಕೊಳ್ಳುವುದು ಕಷ್ಟವಲ್ಲ.

ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ನಡುವೆ ಉದ್ದಕ್ಕೆ ಮಡಿಚಬೇಕು. ಮಡಿಕೆಯ ಉದ್ದ, ಕತ್ತಿನ ಕೆಳಗಿನ ಎಲುಬಿನಿಂದ ಮೊಣಕಾಲಿನ ಕೆಳಗೆ ಎರಡು ಬೆರಳಿನವರೆಗೆ. ಕೆಳಭಾಗದ ಅಗಲ, ಸೊಂಟದ ಕೆಳಗಿನ ಸುತ್ತಳತೆಯ ಮೂರನೆಯ ಒಂದು ಪಾಲು. 105 ಸೆಂಟಿಮೀಟರ್ ಸುತ್ತಳತೆಯಾದರೆ ಮಡಿಕೆಯಿಂದ 35, ಬಿಚ್ಚಿದಾಗ 70. ಮೇಲ್ತುದಿಯ ಅಗಲ ಮಡಿಕೆಯಿಂದ 14 ಸೆಂಟಿಮೀಟರ್ ಸಾಕು. ಮೇಲಿನಿಂದ ಸುಮಾರು 25 ಸೆಂಟಿಮೀಟರ್ ಕೆಳಗಿಳಿದು ಕಂಕುಳಿನ ತಿರುವನ್ನು ಬಿಲ್ಲಿನಂತೆ ಬಾಗಿಸಬೇಕು. ಕಾಗದವನ್ನೇ ಮೈಮೇಲೆ ಹಿಡಿದು ಕನ್ನಡಿಯ ಮುಂದೆ ಬಗ್ಗಿ, ಕೈಯೆತ್ತಿ ನೋಡಿದ ಮೇಲೆಯೇ ಕತ್ತರಿಗೆ ಕೈಹಾಕಬೇಕು. ಅಂಚು ಮಡಿಚಲು ಬಟ್ಟೆಯಲ್ಲಿ ಸುತ್ತಲೂ ಎರಡು ಸೆಂಟಿಮೀಟರ್ ಹೆಚ್ಚು ಬಿಡಬೇಕು.

ಬಟ್ಟೆಯ ಆಯ್ಕೆಯಲ್ಲಿ ಮಾತ್ರ ಉದಾಸೀನ ಸಲ್ಲದು. ಒತ್ತಾಗಿ ನೆಯ್ದ ಡ್ರಿಲ್ ಆಗಬಹುದು, ಇಲ್ಲಿಯ ಅಂಗಡಿಗಳಲ್ಲಿ ಮಾಂಜರಪಾಟ್ ಎನ್ನುವ ಬಿಳುಪು ಮಾಡದ ಬಟ್ಟೆಯೂ ಆಗಬಹುದು. ಭಿವಂಡಿಯ ಮಗ್ಗಗಳ ಪಕ್ಕದಲ್ಲಿ, ಉಲ್ಲಾಸನಗರದ ಜವಳಿಪೇಟೆಗೆ ಕೂಗಳತೆಯಲ್ಲಿ ವಾಸಿಸುವವರಿಗೆ ಬಟ್ಟೆಯ ಕೊರತೆಯೇ? ಆದರೆ ವ್ಯಾಪಾರಿಯ ಮಾತನ್ನು ನಂಬದೆ, ಒಂದೆರಡು ಎಳೆಗಳನ್ನು ಇಕ್ಕಳದಲ್ಲಿ ಹಿಡಿದು ನೀರಿನ ತೊಟ್ಟಿಯ ಮೇಲೆ ಸುಟ್ಟು ನೋಡುವುದು ಲೇಸು. ಶುದ್ಧ ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೃದುವಾದ ಬೂದಿ ಉಳಿಯುತ್ತದೆ. ಪಾಲಿಯೆಸ್ಟರಾದರೆ ಎಳೆ ಮುದುಡಿ ಗಟ್ಟಿಯಾದ ಕರಿಯ ಮಣಿಯಾಗುತ್ತದೆ. ಆಯ್ದ ಬಟ್ಟೆಯನ್ನು ಒಂದು ರಾತ್ರಿ ನೆನೆಸಿ ಒಣಗಿಸದೆ ಕತ್ತರಿಸಿದರೆ, ಮೊದಲ ಒಗೆತಕ್ಕೇ ಅಳತೆಯೆಲ್ಲ ವ್ಯರ್ಥ.

ಹೊಲಿಗೆ ನೇರವಾದುದು, ಅದನ್ನು ವಿವರಿಸಬೇಕಾಗಿಲ್ಲ. ಕತ್ತಿನ ಪಟ್ಟಿಯ ವಿಷಯ ಬೇರೆ. ತಲೆಯ ಮೇಲಿಂದ ತೊಡುವ ಕುಣಿಕೆ ನೋಡಲು ಚೆನ್ನ, ಆದರೆ ಕಾದೆಣ್ಣೆ ಚೆಲ್ಲಿದ ಬಟ್ಟೆಯನ್ನು ಮುಖದ ಮೇಲಿಂದ ಎಳೆದು ತೆಗೆಯುವುದು ಎಂಥ ಅಪಾಯ! ಪಟ್ಟಿಯ ಒಂದು ತುದಿಯನ್ನು ಹೊಲಿದು, ಇನ್ನೊಂದು ತುದಿಗೆ ಎಳೆದೊಡನೆ ಬಿಡುವ ಟಿಚ್‌ಬಟನ್ ಹಾಕಬೇಕು. ಬೆನ್ನಿನ ಗಂಟೂ ಒಂದೇ ಎಳೆತಕ್ಕೆ ಬಿಚ್ಚಬೇಕು. ಮುಂಭಾಗದ ಜೇಬು ಬಾಣಲೆಯ ಹಿಡಿಗೆ ಸಿಕ್ಕಿಕೊಳ್ಳುತ್ತದೆ, ಚೆಲ್ಲಿದ ಎಣ್ಣೆಗೆ ಬಟ್ಟಲಾಗುತ್ತದೆ. ಅದನ್ನೂ ಜಾಲರಿಯ ಅಲಂಕಾರವನ್ನೂ ಬಿಡುವುದೇ ಒಳ್ಳೆಯದು. ಒದ್ದೆಯಾದ ಏಪ್ರನ್ ತುದಿಯಿಂದ ಬಿಸಿ ಪಾತ್ರೆ ಹಿಡಿಯಬಾರದು. ಒದ್ದೆ ಬಟ್ಟೆ ಬಿಸಿಯನ್ನು ಬೇಗನೆ ಕೈಗೆ ಸಾಗಿಸುತ್ತದೆ.

ಇಷ್ಟಾದರೂ ಅವಘಡ ನಡೆದರೆ ಬಟ್ಟೆ ತೆಗೆದು, ಸುಟ್ಟ ಭಾಗವನ್ನು 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ಚರ್ಮಕ್ಕೆ ಅಂಟಿದ್ದನ್ನು ಕೀಳಬಾರದು. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಸಿನ, ದೋಸೆಹಿಟ್ಟು ಯಾವುದೂ ಬೇಡ. ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ, ನೆಲದ ಮೇಲೆ ಮಲಗಿ ಉರುಳಬೇಕು. ದೊಡ್ಡ ಗಾಯಗಳಿಗೆಂದೇ ನವಿ ಮುಂಬಯಿಯ ಐರೋಲಿಯಲ್ಲಿ ನ್ಯಾಷನಲ್ ಬರ್ನ್ಸ್ ಸೆಂಟರ್ ಇದೆ ಎಂಬುದನ್ನು ಈ ಭಾಗದ ಪ್ರತಿ ಮನೆಯವರೂ ತಿಳಿದಿರಬೇಕು.

ಎಣ್ಣೆ ಹೀರಿದ ಏಪ್ರನ್ ದೀಪದ ಬತ್ತಿಗೆ ಸಮಾನವಾದುದರಿಂದ ಆಗಾಗ ಒಗೆಯಲೇಬೇಕು. ಒಂದು ಹಗ್ಗದ ಮೇಲಿರುವಾಗ ಉಡಲು ಇನ್ನೊಂದು ಬೇಕು. ಭಾನುವಾರ ಗಂಡಸರೂ ದೋಸೆ ಹುಯ್ಯುವ ಮನೆಯಾದರೆ ಅವರ ಅಳತೆಯದು ಮೂರನೆಯದು.