ದೇವರ ಮನೆಯಲ್ಲಿ ಹಾಜರಿ ಪುಸ್ತಕವಿಲ್ಲ

ಕ್ರೈಸ್ತರ ದೇವಸೇವೆಯ ಕುರಿತು ಎರಡು ಮಾತುಗಳನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಒಂದು, ಗೋಷ್ಠಿಗಳಲ್ಲಿ ವಿಚಾರವಂತ ಮಿತ್ರರು ಆಡುವಂಥದು: ದೇವರನ್ನು ತಂದೆಯೆಂದು ಕರೆಯುವುದು ಬರಿಯ ಅಲಂಕಾರ, ಒಳಗಿರುವುದು ನರಕದ ಭಯ ಮತ್ತು ಸ್ವರ್ಗದ ಆಸೆ, ಅಂದರೆ ಶುದ್ಧ ವ್ಯಾಪಾರ. ಇನ್ನೊಂದು, ವೇದಿಕೆಗಳಿಂದ ಧ್ವನಿವರ್ಧಕದಲ್ಲಿ ಬರುವಂಥದು: ದೇವರಿಗಾಗಿ ದುಡಿಯಿರಿ, ಕೊಡಿರಿ, ಆತನು ಹತ್ತುಪಟ್ಟು ಹಿಂದಿರುಗಿಸುವನು. ಮೊದಲನೆಯವರದು ನಿಂದೆ, ಎರಡನೆಯವರದು ಸ್ತುತಿ. ಲೆಕ್ಕದ ಪುಸ್ತಕ ಮಾತ್ರ ಒಂದೇ. ಇಬ್ಬರಿಗೂ ದೇವರು ಸಂಬಳ ಬಟವಾಡೆ ಮಾಡುವ ಧಣಿ. ಇಬ್ಬರೂ ಲೂಕನ ಸುವಾರ್ತೆಯ 15ನೇ ಅಧ್ಯಾಯವನ್ನು ಕೊನೆಯವರೆಗೆ ಓದಿಲ್ಲವೆಂದೇ ನಮ್ಮ ಆಕ್ಷೇಪ.

ಆ ಕಥೆಯನ್ನು 'ದುಂದುಗಾರ ಮಗ'ನ ಕಥೆ ಎಂದು ಕರೆಯುವುದು ರೂಢಿ. ಆ ಶೀರ್ಷಿಕೆ ಲೂಕನು ಕೊಟ್ಟದ್ದಲ್ಲ, ಮತ್ತು ಅದು ಓದುಗನ ಕಣ್ಣನ್ನು ಅರ್ಧ ಕಥೆಗೇ ಕಟ್ಟಿಹಾಕುತ್ತದೆ. ಯೇಸು ಪಾಪಿಗಳೊಡನೆ ಕುಳಿತು ಉಣ್ಣುತ್ತಾನೆಂದು ಗೊಣಗುತ್ತಿದ್ದ ಫರಿಸಾಯರ ಮುಂದೆ ಹೇಳಿದ ಕಥೆಯಿದು. ಅದರ ಗುರಿ ಮನೆಬಿಟ್ಟು ಹೋದವನಿಗಿಂತ ಮನೆಯಲ್ಲೇ ಉಳಿದವನ ಮೇಲೆ ಹೆಚ್ಚು.

ಕಿರಿಯವನದು ಮೊದಲು ನೋಡೋಣ. ಹಂದಿಗಳ ನಡುವೆ ಕುಳಿತು ಅವನು ಒಂದು ಅರ್ಜಿಯ ಕರಡು ಸಿದ್ಧಪಡಿಸುತ್ತಾನೆ. ಇಪ್ಪತ್ತು ವರ್ಷ ಸರ್ಕಾರಿ ಮೇಜಿನ ಹಿಂದೆ ಕುಳಿತ ನಮಗೆ ಆ ಕರಡಿನ ರಚನೆ ಚೆನ್ನಾಗಿಯೇ ಪರಿಚಿತ: ತಪ್ಪೊಪ್ಪಿಗೆ, ಅನರ್ಹತೆಯ ನಿವೇದನೆ, ಕೊನೆಗೆ ಕೂಲಿಯಾಳಾಗಿ ನೇಮಿಸಿಕೊಳ್ಳಬೇಕೆಂಬ ಪ್ರಾರ್ಥನೆ. ಆದರೆ ಓಡಿಬಂದ ತಂದೆ ಮೊದಲೆರಡು ಮಾತು ಮುಗಿಯುತ್ತಲೇ ಆಳುಗಳ ಕಡೆ ತಿರುಗಿ ಬಟ್ಟೆ, ಉಂಗುರ, ಕೆರ ತರಲು ಹೇಳುತ್ತಾನೆ. ಮೂರನೆಯ ಮಾತು ಸಲ್ಲಿಕೆಯಾಗುವುದೇ ಇಲ್ಲ. (ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಆ ಮೂರನೆಯ ವಾಕ್ಯವೂ ಇದೆ. ಬಹುಪಾಲು ವಿದ್ವಾಂಸರು ಅದನ್ನು ನಕಲುಗಾರರ ಸೇರ್ಪಡೆಯೆಂದು ಎಣಿಸುತ್ತಾರೆ. ಅಪೂರ್ಣ ಅರ್ಜಿಯನ್ನು ಸಹಿಸದ ಗುಮಾಸ್ತರು ಎಲ್ಲ ಕಾಲದಲ್ಲೂ ಇದ್ದರು.)

ಇನ್ನು ಹಿರಿಯವನು. ಹೊಲದಿಂದ ಬಂದವನು ವಾದ್ಯದ ಸದ್ದು ಕೇಳಿ ಅಂಗಳದಲ್ಲೇ ನಿಲ್ಲುತ್ತಾನೆ. ಕರೆಯಲು ಹೊರಗೆ ಬಂದ ತಂದೆಗೆ ಇಷ್ಟು ವರ್ಷಗಳ ಸೇವಾವಿವರವನ್ನು ಒಪ್ಪಿಸುತ್ತಾನೆ. ಕನ್ನಡದ 'ಸೇವೆ' ಎಂಬ ಪದಕ್ಕಿರುವ ಮಾಧುರ್ಯ ಗ್ರೀಕ್ ಮೂಲದ ಆ ಕ್ರಿಯಾಪದಕ್ಕಿಲ್ಲ. ಅದು ಗುಲಾಮನ ದುಡಿಮೆಯನ್ನು ಹೇಳುವ ಪದ. ಅವನು ಆ ಮಾತಿನಲ್ಲಿ ಒಮ್ಮೆಯೂ ಅಪ್ಪಾ ಎನ್ನುವುದಿಲ್ಲ. ತಮ್ಮನನ್ನು ತಮ್ಮನೆನ್ನದೆ 'ನಿನ್ನ ಮಗ' ಎನ್ನುತ್ತಾನೆ. ಗೆಳೆಯರೊಡನೆ ಉಂಡು ನಲಿಯಲು ಒಂದು ಆಡಿನ ಮರಿಯನ್ನೂ ಕೊಡಲಿಲ್ಲವೆಂಬುದು ಅವನ ದೂರು. ಗೆಳೆಯರೊಡನೆ, ತಂದೆಯೊಡನೆ ಅಲ್ಲ! ಮತ್ತೂ ಒಂದು ಸಂಗತಿಯನ್ನು ಉಪದೇಶಕರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಕಥೆಯ ಆರಂಭದಲ್ಲೇ ತಂದೆ ಆಸ್ತಿಯನ್ನು ಇಬ್ಬರಿಗೂ ಹಂಚಿದ್ದನು. ಮೋಶೆಯ ಧರ್ಮಶಾಸ್ತ್ರದಂತೆ ಚೊಚ್ಚಲಿಗೆ ಎರಡು ಪಾಲು. ಹಟ್ಟಿಯ ಆಡುಗಳೆಲ್ಲ ಆಗಲೇ ಅವನವು. ತನ್ನದೇ ಆಡನ್ನು ಕೂಲಿಯಾಗಿ ಬೇಡುತ್ತ ನಿಂತವನನ್ನು ಸೇವಾನಿಷ್ಠನೆಂದು ಹೊಗಳುವುದು ಹೇಗೆ?

ಈ ಅಂಗಳ ನಮಗೆ ಗೊತ್ತು. ಆರ್.ಕೆ.ಪುರಂನ ಸರ್ಕಾರಿ ವಸತಿಗೃಹದ ಒಳಕೋಣೆಯಲ್ಲಿ ನಮ್ಮ ತಂದೆಯವರು ಹನ್ನೊಂದು ತಿಂಗಳು ಮಲಗಿದ್ದರು. ಗಂಜಿ, ಮಾತ್ರೆ, ಮಲಮೂತ್ರ ಎಲ್ಲವೂ ನಮ್ಮ ಪಾಲಿಗೆ. ಗಳಿಕೆ ರಜೆ ಎಷ್ಟು ದಿನ ಖರ್ಚಾಯಿತೆಂಬುದು ಈಗಲೂ ನಾಲಗೆಯ ತುದಿಯಲ್ಲಿದೆ. ಆರು ವರ್ಷ ಪತ್ತೆಯಿಲ್ಲದಿದ್ದ ತಮ್ಮ ಕೊನೆಯ ವಾರ ಬಂದು ಬಾಗಿಲಲ್ಲಿ ನಿಂತಾಗ ಅವರ ಮುಖದಲ್ಲಿ ಹೊಳೆದ ಬೆಳಕನ್ನು ನಾವು ಕ್ಷಮಿಸಲಾರದೆ ಅಡುಗೆಮನೆಗೆ ಹೋಗಿ ನಿಂತೆವು. ಅಲ್ಲಿಯೂ ಅವರ ದನಿ ನಮ್ಮ ಹೆಸರನ್ನೇ ಕೂಗುತ್ತಿತ್ತು, ಇಬ್ಬರೂ ಹತ್ತಿರ ಕುಳಿತುಕೊಳ್ಳಲೆಂದು. ನಾವು ಹೋಗಲು ತಡಮಾಡಿದೆವು.

ಕೂಲಿಯಿಲ್ಲವಾದರೆ ದುಡಿಯುವವರು ಯಾರು ಎಂದು ಕೇಳುವವರಿದ್ದಾರೆ. ಪ್ರೀತಿಸುವ ತಂದೆಯೆಂದರೆ ಸಡಿಲ ಬಿಡುವ ತಂದೆ ಎಂದು ಅವರು ತಿಳಿದಂತಿದೆ. ಯೇಸು ಬಳಸಿದ ಅರಮೇಯಿಕ್ ಪದ 'ಅಬ್ಬಾ' ಮಗುವಿನ ತೊದಲೆಂಬ ಮಾತೂ ಕಳೆದ ಶತಮಾನದಲ್ಲಿ ಬಹಳ ಪ್ರಚಾರ ಪಡೆದಿತ್ತು. 1988ರಲ್ಲಿ ಜೇಮ್ಸ್ ಬಾರ್ ಅದನ್ನು ಅಲ್ಲಗಳೆದು, ಬೆಳೆದ ಮಕ್ಕಳೂ ತಂದೆಯನ್ನು ಕರೆಯುತ್ತಿದ್ದ ಗಂಭೀರ ಪದವದು ಎಂದು ವಾದಿಸಿದರು. ಸುವಾರ್ತೆಗಳಲ್ಲಿ ಆ ಪದ ಬರುವುದು ಒಂದೇ ಕಡೆ, ಮಾರ್ಕನ 14ನೇ ಅಧ್ಯಾಯದ ಗೆತ್ಸೇಮನೆ ತೋಟದಲ್ಲಿ: ಮರಣದ ಪಾತ್ರೆ ತಪ್ಪಲಿ ಎಂದು ಬೇಡಿ, ತಪ್ಪದಿದ್ದರೆ ಕುಡಿಯಲು ಸಿದ್ಧನಾಗುವ ಇರುಳಿನಲ್ಲಿ. ಅಲ್ಲಿ ಸಡಿಲಿಕೆ ಎಲ್ಲಿದೆ? ಪೌಲನೂ ರೋಮಾಪುರದವರಿಗೆ ಬರೆದ ಪತ್ರವನ್ನು ತಾನು ಕ್ರಿಸ್ತನ ದಾಸನೆಂದೇ ಆರಂಭಿಸುತ್ತಾನೆ. ಎಂಟನೆಯ ಅಧ್ಯಾಯಕ್ಕೆ ಬಂದಾಗ, ನಿಮಗೆ ದೊರೆತದ್ದು ದಾಸತ್ವದ ಭಯವಲ್ಲ, ಅಬ್ಬಾ ಎಂದು ಕೂಗುವ ಮಗತನ ಎನ್ನುತ್ತಾನೆ. ಹರಿದಾಸರ ನಾಡಿನವರಾದ ನಮಗೆ ದಾಸನೆಂಬುದು ಬಿರುದೂ ಆಗಬಲ್ಲುದೆಂದು ವಿವರಿಸಬೇಕಿಲ್ಲ. ಮಗನಾದವನು ಹೊಲದಲ್ಲಿ ಆಳಿಗಿಂತ ಕಡಿಮೆ ಬೆವರುತ್ತಾನೆಂದು ಯಾವ ರೈತನೂ ಹೇಳನು. ಸಂಜೆ ಅವನು ಕೈಚಾಚಿ ನಿಲ್ಲುವುದಿಲ್ಲ, ಅಷ್ಟೆ.

ವ್ಯಾಪಾರವೆಂದು ಹಳಿಯುವವರೂ ಹತ್ತುಪಟ್ಟಿನ ಆಸೆ ಹುಟ್ಟಿಸುವವರೂ ನಮಗೊಂದು ಉತ್ತರ ಕೊಡಲಿ: ಆ ಕೊಬ್ಬಿದ ಕರುವಿನ ವೆಚ್ಚವನ್ನು ಯಾವ ಲೆಕ್ಕಶೀರ್ಷಿಕೆಯಡಿ ಬರೆಯುತ್ತೀರಿ? ಹಿರಿಯ ಮಗ ಕೊನೆಗೆ ಒಳಗೆ ಹೋದನೋ ಇಲ್ಲವೋ ಲೂಕನು ಹೇಳುವುದಿಲ್ಲ. ಔತಣವನ್ನು ಬಿಟ್ಟು ಹೊರಬಂದ ಮುದುಕ ಅವನನ್ನು ಮಗುವೇ ಎಂದು ಕರೆದು ಇನ್ನೂ ಬೇಡಿಕೊಳ್ಳುತ್ತಿರುವಾಗಲೇ ಅಧ್ಯಾಯ ನಿಂತುಹೋಗುತ್ತದೆ.