ಅಂಕ ನೋಡುವ ಮುನ್ನ ಹಾಜರಿ ಪುಸ್ತಕ ತೆಗೆಯಿರಿ

ಮತ್ತೆ ಅದೇ ರಾಗ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಲ್ಲ, ಇರುವ ಮಕ್ಕಳಿಗೆ ಓದಲು ಬರುವುದಿಲ್ಲ, ಆದ್ದರಿಂದ ವಿಲೀನ ಮಾಡಿ, ದೊಡ್ಡ ಊರಿನಲ್ಲೊಂದು ಕರ್ನಾಟಕ ಪಬ್ಲಿಕ್ ಶಾಲೆಯ ಫಲಕ ತೂಗುಹಾಕಿ, ಬಸ್ಸು ಬಿಡಿ. ಯಾವ ಪಕ್ಷ ಬಂದರೂ ಈ ಹಾಡು ಬದಲಾಗಿಲ್ಲ. ಹಾಡುವವರ ಕಂಠ ಮಾತ್ರ ಬೇರೆ.

ಮೂರನೇ ತರಗತಿಯ ಹುಡುಗನಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲವಂತೆ ಎಂದು ಟಿ.ವಿ. ಸ್ಟುಡಿಯೊದಲ್ಲಿ ಕೂತು ಲೊಚಗುಟ್ಟುವ ಮಹನೀಯರೇ, ಆ ಹುಡುಗ ಯಾರು ಎಂದು ಒಮ್ಮೆಯಾದರೂ ಕೇಳಿದ್ದೀರಾ? ಊರಿನ ಗೌಡರ ಮೊಮ್ಮಗ ಹಳದಿ ವ್ಯಾನು ಹತ್ತಿ ತಾಲ್ಲೂಕು ಕೇಂದ್ರದ ಕಾನ್ವೆಂಟಿಗೆ ಹೋಗಿ ಬಹಳ ಕಾಲವಾಯಿತು. ಸೊಸೈಟಿ ಕಾರ್ಯದರ್ಶಿಯ ಮಗಳೂ ಹೋದಳು. ಅದೇ ಶಾಲೆಯ ಮೇಷ್ಟ್ರ ಮಗನೂ ಹೋದ. ಉಳಿದವರು ಕೂಲಿಯವರ ಮಕ್ಕಳು, ಕೇರಿಯ ಮಕ್ಕಳು, ತಾಂಡಾದ ಮಕ್ಕಳು. ಅಣ್ಣನ ಕಾನ್ವೆಂಟ್ ಫೀಜಿಗೇ ದುಡ್ಡು ಮುಗಿದುಹೋದ ಮನೆಯ ಹೆಣ್ಣುಮಕ್ಕಳು. ಸುಗ್ಗಿ ಮುಗಿಯುತ್ತಲೇ ಅಪ್ಪ ಅಮ್ಮನ ಹಿಂದೆ ಗುಳೆ ಹೋಗಿ, ಹಾಜರಿ ಪುಸ್ತಕದಲ್ಲಿ ಬರೀ ಹೆಸರು ಬಿಟ್ಟುಹೋಗುವ ಮಕ್ಕಳು. ಇವರ ಮನೆಯಲ್ಲಿ ಹೋಮ್‌ವರ್ಕ್ ಮಾಡಿಸುವವರಿಲ್ಲ, ಟ್ಯೂಷನ್‌ಗೆ ಕಾಸಿಲ್ಲ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು ಮಗುವಿನ ಓದಿನ ಜೊತೆಗೆ ತಾಯಿ ಎಷ್ಟು ಓದಿದ್ದಾಳೆ ಎಂದೂ ಕೇಳಿ ಬರೆದುಕೊಳ್ಳುತ್ತಾರೆ. ಆ ಕಾಲಂ ಯಾಕೋ ಚರ್ಚೆಗೆ ಬರುವುದೇ ಇಲ್ಲ. ಗೆಲ್ಲುವ ಮಕ್ಕಳನ್ನೆಲ್ಲ ಆರಿಸಿ ಆಚೆ ಕಳಿಸಿದವರೇ ಈಗ ಉಳಿದವರ ಅಂಕಪಟ್ಟಿ ಹಿಡಿದು ಮೂಗು ಮುರಿಯುತ್ತಿದ್ದಾರೆ.

ಅಸರ್ ಅಂದರೆ ಎಲ್ಲರಿಗೂ ಇಷ್ಟ ತಾನೇ? ಹಾಗಾದರೆ ಪೂರ್ತಿ ಓದಿ. ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ 20.9 ಇದ್ದರು. ಕೋವಿಡ್ ನಂತರ, 2022ರಲ್ಲಿ ಶೇ 16.3ಕ್ಕೆ ಕುಸಿದರು, 2024ರಲ್ಲಿ ಶೇ 23.4ಕ್ಕೆ ಏರಿದರು. ಅಂದರೆ ಕೋವಿಡ್‌ಗಿಂತ ಮುಂಚಿನ ಮಟ್ಟವನ್ನೂ ದಾಟಿದರು. ಖಾಸಗಿ ಶಾಲೆಗಳು? 2018ರಲ್ಲಿ ಶೇ 40.6 ಇದ್ದದ್ದು 2024ರಲ್ಲಿ ಶೇ 35.5. ಟೈ, ಬೂಟು, ವ್ಯಾನು, ಡೊನೇಷನ್ ಎಲ್ಲ ಇದ್ದೂ ಹತ್ತರಲ್ಲಿ ಆರು ಮಕ್ಕಳಿಗೆ ಓದಲು ಬರುವುದಿಲ್ಲ. ಅವುಗಳನ್ನು ವಿಲೀನ ಮಾಡಿ ಎಂದು ಯಾರಾದರೂ ಹೇಳಿದ್ದು ನಾನಂತೂ ಕೇಳಿಲ್ಲ.

ಈಗ ನನ್ನದೊಂದು ಸಂಖ್ಯೆ: 7,349. ಕೇಂದ್ರ ಶಿಕ್ಷಣ ಸಚಿವಾಲಯದ 2024–25ರ ಲೆಕ್ಕದ ಪ್ರಕಾರ ಕರ್ನಾಟಕದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಇಷ್ಟು. ಐದು ತರಗತಿಗಳಿದ್ದರೂ ಮೇಷ್ಟ್ರು ಒಬ್ಬರೇ. ಶಿಕ್ಷಣ ಹಕ್ಕು ಕಾಯ್ದೆ ಅರವತ್ತು ಮಕ್ಕಳವರೆಗೂ ಕನಿಷ್ಠ ಇಬ್ಬರು ಶಿಕ್ಷಕರು ಇರಲೇಬೇಕು ಎನ್ನುತ್ತದೆ. ಹತ್ತೇ ಮಕ್ಕಳಿದ್ದರೂ ಇಬ್ಬರು. ಹಾಗಾಗಿ ಇಂಥ ಪ್ರತಿ ಸರ್ಕಾರಿ ಶಾಲೆಯಲ್ಲೂ ಕಾನೂನು ಮುರಿದಿರುವುದು ಸ್ವತಃ ಸರ್ಕಾರ; ಶಿಕ್ಷೆ ಮಾತ್ರ ಒಂದನೇ ತರಗತಿಯ ಹುಡುಗಿಗೆ.

ಆ ಒಬ್ಬ ಮೇಷ್ಟ್ರಾದರೂ ಪಾಠಕ್ಕೆ ಸಿಗುತ್ತಾರೆಯೇ? ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ತಿಂದವರು ಎಷ್ಟು, ಬಾಳೆಹಣ್ಣು ತಿಂದವರು ಎಷ್ಟು, ಆಮೇಲೆ ಆನ್‌ಲೈನ್ ಎಂಟ್ರಿ, ಮತದಾರರ ಪಟ್ಟಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಮೀಟಿಂಗು. 2025ರ ಸೆಪ್ಟೆಂಬರ್‌ನಲ್ಲಿ ಜಾತಿ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಓಡಿಸಿದರು. ಗಡುವಿನೊಳಗೆ ಮುಗಿಯಲಿಲ್ಲ ಎಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಎನ್ನುತ್ತಿಲ್ಲ. ಹಿಂದುಳಿದವರ ಲೆಕ್ಕ ಬರೆಯಲು ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸುವ ಬುದ್ಧಿವಂತಿಕೆಗೆ ಕೈಮುಗಿಯುತ್ತಿದ್ದೇನೆ, ಅಷ್ಟೆ.

ಇನ್ನೊಂದು ಚಮತ್ಕಾರ ನೋಡಿ. ಬಡ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟು ಸಿಗುತ್ತಿತ್ತಲ್ಲ, 2019ರಿಂದ ಅದು ಹೆಸರಿಗಷ್ಟೇ ಉಳಿದಿದೆ. ಆಗ ಹೇಳಿದ ಕಾರಣ, ‘ಹತ್ತಿರದಲ್ಲೇ ಸರ್ಕಾರಿ ಶಾಲೆ ಇದೆಯಲ್ಲ, ಅಲ್ಲಿಗೆ ಹೋಗಲಿ’. ಈಗ ಆ ಹತ್ತಿರದ ಶಾಲೆಗೇ ಬೀಗ. ಹುಡುಗಿ ಮೂರು ಕಿಲೊಮೀಟರ್ ಆಚೆ ಹೋಗಲಿ. ಬಸ್ಸು ಬರುತ್ತದಂತೆ. ಎಷ್ಟು ವರ್ಷ ಬರುತ್ತದೆ, ಡೀಸೆಲ್ ಬಿಲ್ ಯಾರು ಕಟ್ಟುತ್ತಾರೆ, ಬಸ್ಸು ಕೆಟ್ಟ ದಿನ ಆ ಮಗು ಏನು ಮಾಡಬೇಕು ಎಂದು ಕೇಳಿದರೆ ಅಭಿವೃದ್ಧಿ ವಿರೋಧಿ ಎನ್ನುತ್ತಾರೆ.

ನಮ್ಮ ಕನ್ನಡದ ಕಟ್ಟಾಳುಗಳ ವಿಷಯಕ್ಕೂ ಬರೋಣ. ಪ್ರಾಥಮಿಕ ಶಿಕ್ಷಣ ಕನ್ನಡದಲ್ಲೇ ಆಗಲಿ ಎಂದು ಪ್ರತಿ ಸಾಹಿತ್ಯ ಸಮ್ಮೇಳನದಲ್ಲೂ ನಿರ್ಣಯ ಪಾಸಾಗುತ್ತದೆ. ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನೆನಪು ತೆಗೆದು ಕಣ್ಣೊರೆಸಿಕೊಳ್ಳುವುದೂ ಆಗುತ್ತದೆ. ಕೈ ಎತ್ತಿದವರಲ್ಲಿ ಎಷ್ಟು ಜನರ ಮೊಮ್ಮಕ್ಕಳು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿದ್ದಾರೆ? ಕನ್ನಡ ಉಳಿಸುವ ಗುತ್ತಿಗೆಯನ್ನು ಬಡವರ ಮಕ್ಕಳಿಗೆ ಕೊಟ್ಟು, ನವೆಂಬರ್‌ನಲ್ಲಿ ಶಾಲು ಹೊದೆಸಿಕೊಳ್ಳುವ ಕೆಲಸವನ್ನು ತಾವು ಇಟ್ಟುಕೊಂಡಿದ್ದಾರೆ.

2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸುಧೀರ್ ಅಗರ್ವಾಲ್ ಒಂದು ಆದೇಶ ಕೊಟ್ಟರು. ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಧೀಶರು ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಎಂದರು. ಉತ್ತರ ಪ್ರದೇಶ ಅದನ್ನು ಪಾಲಿಸಲಿಲ್ಲ. ನಮ್ಮ ವಿಧಾನಸೌಧ ಅಂಥದ್ದೊಂದನ್ನು ಕನಸಿನಲ್ಲೂ ನೆನೆಯುವುದಿಲ್ಲ. ಜಿಲ್ಲಾಧಿಕಾರಿಯ ಮಗಳು ಒಂದೇ ಒಂದು ವರ್ಷ ಆ ಬೆಂಚಿನ ಮೇಲೆ ಕೂತರೆ ಎರಡನೇ ಶಿಕ್ಷಕರು ಮಾತ್ರವಲ್ಲ, ಶೌಚಾಲಯಕ್ಕೆ ನೀರೂ ಬರುತ್ತದೆ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ ಒಂದು ಮಾತು. ನಿಮ್ಮೂರಿನ ಶಾಲೆಯ ವಿಲೀನಕ್ಕೆ ಒಪ್ಪಿಗೆ ಕೇಳಿಕೊಂಡು ಯಾರಾದರೂ ಬಂದರೆ ಸಹಿ ಹಾಕಬೇಡಿ. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾಗಿರುವುದು ಎಷ್ಟು, ಅವರು ಕಳೆದ ವರ್ಷ ಎಷ್ಟು ದಿನ ಪಾಠ ಬಿಟ್ಟು ಬೇರೆ ಡ್ಯೂಟಿಗೆ ಹೋಗಿದ್ದರು, ಈ ಮೂರನ್ನೂ ಬಿಇಒ ಅವರಿಂದ ಲಿಖಿತವಾಗಿ ತರಿಸಿಕೊಳ್ಳಿ. ಅಲ್ಲಿಯವರೆಗೆ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.