ಕಾಸಿಗೆ ತಕ್ಕ ಕಜ್ಜಾಯ ಮತ್ತು ಕಾರಿನ ವೈಪರ್



ಮುಂಗಾರು ಸಮೀಪಿಸುತ್ತಿದ್ದಂತೆ ಕಾರು ಇಟ್ಟುಕೊಂಡಿರುವ ನಿಮ್ಮಲ್ಲಿ ಹಲವರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: "ಸಾರ್, ಕಡಿಮೆ ಬೆಲೆಗೆ ಸಿಕ್ಕಿ ಬಹುಕಾಲ ಬಾಳುವ ವೈಪರ್ ಬ್ಲೇಡು ಯಾವುದು?" ಪ್ರಶ್ನೆ ಚಿಕ್ಕದಾದರೂ ಅದರೊಳಗೊಂದು ತಪ್ಪು ಕಲ್ಪನೆ ಅಡಗಿದೆ. ಬಾಳಿಕೆ ಎಂಬ ಗುಣವನ್ನು ಉಕ್ಕಿನಿಂದ ನಿರೀಕ್ಷಿಸಬಹುದು. ಬಿಸಿಲಿನಲ್ಲಿ ನಿಂತ ರಬ್ಬರಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ವಿಜ್ಞಾನ ಕಲಿಸಿದವನಾದ್ದರಿಂದ ಕಾರಣವನ್ನು ಹೇಳದೆ ಮುಂದೆ ಹೋಗಲಾರೆ. ಗಾಜನ್ನು ಮುಟ್ಟುವ ರಬ್ಬರಿನ ಅಂಚು ಒಂದು ಮಿಲಿಮೀಟರಿಗಿಂತಲೂ ತೆಳು. ವೈಪರ್ ಎಡಕ್ಕೆ ಹೋಗುವಾಗ ಈ ಅಂಚು ಬಲಕ್ಕೂ, ಬಲಕ್ಕೆ ಬರುವಾಗ ಎಡಕ್ಕೂ ಬಾಗಬೇಕು. ಪ್ರತಿ ತಿರುವಿನಲ್ಲಿಯೂ ಮಗುಚಿಕೊಳ್ಳಬೇಕು. ಸೂರ್ಯನ ಅತಿನೇರಳೆ ಕಿರಣ, ಗಾಳಿಯಲ್ಲಿರುವ ಓಝೋನ್ ಮತ್ತು ಕಾದ ಗಾಜಿನ ಶಾಖ ಇವು ಮೂರೂ ಸೇರಿ ರಬ್ಬರನ್ನು ಗಡುಸಾಗಿಸುತ್ತವೆ. ಗಡುಸಾದ ಅಂಚು ಮಗುಚುವುದಿಲ್ಲ; ಕಿರುಗುಟ್ಟುತ್ತ, ಕುಪ್ಪಳಿಸುತ್ತ ಗಾಜಿನ ಮೇಲೆ ನೀರಿನ ಗೆರೆಗಳನ್ನು ಉಳಿಸುತ್ತದೆ. ನಮ್ಮ ನಾಡಿನಲ್ಲಿ ಮಾರ್ಚಿಯಿಂದ ಮೇವರೆಗೆ ವೈಪರಿಗೆ ಹೆಚ್ಚು ಕೆಲಸವಿಲ್ಲ, ಆದರೆ ಅದು ಸಾಯುವುದು ಆ ತಿಂಗಳುಗಳಲ್ಲಿಯೇ. ಉಪಯೋಗಿಸಿಲ್ಲವಾದ್ದರಿಂದ ಹೊಸದಾಗಿಯೇ ಇದೆ ಎಂದು ಭಾವಿಸುವವರು ಜೂನ್ ತಿಂಗಳ ಮೊದಲ ಮಳೆಯಲ್ಲಿ ಪರಿತಪಿಸುತ್ತಾರೆ.

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ಕಾಣಸಿಗುತ್ತವೆ. ಮೊದಲನೆಯದು ಲೋಹದ ಚೌಕಟ್ಟಿನ ಹಳೆಯ ಮಾದರಿ, ಬೆಲೆ ಕಡಿಮೆ. ಕೆಲವದರಲ್ಲಿ ರಬ್ಬರ್ ಪಟ್ಟಿಯೊಂದನ್ನೇ ಬದಲಿಸಲೂಬಹುದು. ಎರಡನೆಯದು ಚೌಕಟ್ಟಿಲ್ಲದ ಚಪ್ಪಟೆ ಮಾದರಿ. ಒತ್ತಡ ಗಾಜಿನುದ್ದಕ್ಕೂ ಸಮನಾಗಿ ಬೀಳುವುದರಿಂದ ಹೆದ್ದಾರಿಯ ವೇಗದಲ್ಲಿ ಚೆನ್ನಾಗಿ ಒರೆಸುತ್ತದೆ. ಇವಲ್ಲದೆ ಸಿಲಿಕೋನ್ ಅಂಚಿನವೂ ಉಂಟು. ಅವು ಬಿಸಿಲನ್ನು ಹೆಚ್ಚು ತಾಳಿಕೊಳ್ಳುತ್ತವೆ, ಬೆಲೆಯೂ ಹೆಚ್ಚು.

ಇಲ್ಲಿ ಸರಳ ತ್ರೈರಾಶಿಯೊಂದನ್ನು ಮಾಡಿರಿ. ಮೂರು ಪಟ್ಟು ಬೆಲೆಯ ಬ್ಲೇಡು ಮೂರು ಮಳೆಗಾಲ ನಡೆದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಕಾರು ನೆರಳಿನಲ್ಲಿ ನಿಲ್ಲುವುದಾದರೆ ಅದು ಸಾಧ್ಯವಿರಬಹುದು. ದಿನವಿಡೀ ಕಚೇರಿಯ ಮುಂದೆ ಬಿಸಿಲಿನಲ್ಲಿ ನಿಲ್ಲುವ ಕಾರಿಗೆ, ಹೆಸರುವಾಸಿ ತಯಾರಕರ ಸಾಧಾರಣ ಬ್ಲೇಡನ್ನು ಪ್ರತಿವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ ಹಾಕಿಸುವುದೇ ನಿಜವಾದ ಮಿತವ್ಯಯವೆಂಬುದು ನನ್ನ ಅಭಿಪ್ರಾಯ. ಕಾಸಿಗೆ ತಕ್ಕ ಕಜ್ಜಾಯವೆಂಬುದು ನಿಜ. ಆದರೆ ಹೆಚ್ಚು ಕಾಸು ಕೊಟ್ಟ ಮಾತ್ರಕ್ಕೆ ಕಜ್ಜಾಯ ವರ್ಷಾನುಗಟ್ಟಲೆ ಕೆಡದೆ ಉಳಿಯುವುದಿಲ್ಲ.

ಕೊಳ್ಳುವಾಗ ಅಳತೆಯನ್ನು ಮರೆಯಬೇಡಿ. ಅನೇಕ ಕಾರುಗಳಲ್ಲಿ ಚಾಲಕನ ಬದಿಯ ಬ್ಲೇಡು ಇನ್ನೊಂದಕ್ಕಿಂತ ಉದ್ದವಿರುತ್ತದೆ. ಕಾರಿನ ಕೈಪಿಡಿಯಲ್ಲಿ ಅಳತೆ ಇರುತ್ತದೆ. ಕೊಕ್ಕೆಯ ಮಾದರಿಯೂ ಹೊಂದಬೇಕು. ಬದಲಿಸುವಾಗ ಗಾಜಿನ ಮೇಲೆ ದಪ್ಪ ಬಟ್ಟೆಯೊಂದನ್ನು ಹಾಸಿರಿ. ಬ್ಲೇಡಿಲ್ಲದ ಲೋಹದ ಕೈ ಸ್ಪ್ರಿಂಗಿನ ಸೆಳೆತಕ್ಕೆ ಹಿಂದಕ್ಕೆ ಬಡಿದರೆ ಗಾಜೇ ಸೀಳಬಹುದು.

ಹೊಸದನ್ನು ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ. ಗಾಜನ್ನು ಸಾಬೂನು ನೀರಿನಿಂದ ತೊಳೆದು, ರಬ್ಬರಿನ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಎಷ್ಟೋ ಬಾರಿ ದೋಷ ಬ್ಲೇಡಿನದಲ್ಲ, ಗಾಜಿಗೆ ಅಂಟಿದ ಎಣ್ಣೆಜಿಡ್ಡಿನದು. ಒಣಗಿದ ಗಾಜಿನ ಮೇಲೆ ಧೂಳಿದ್ದಾಗ ವೈಪರನ್ನು ಎಂದಿಗೂ ಓಡಿಸಬೇಡಿ. ಅದರಿಂದ ಅಂಚೂ ಸವೆಯುತ್ತದೆ, ಗಾಜಿನಲ್ಲಿ ಗೀರೂ ಬೀಳುತ್ತದೆ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟೊಂದು ಉಪದೇಶವೇಕೆ ಎಂದು ನೀವು ನಗಬಹುದು. ಅಮೆರಿಕದ ಅಲಬಾಮದ ಮೇರಿ ಆಂಡರ್ಸನ್ ಎಂಬ ಮಹಿಳೆ ಒಳಗಿನಿಂದಲೇ ಸನ್ನೆ ಎಳೆದು ಗಾಜನ್ನು ಒರೆಸುವ ಸಾಧನಕ್ಕೆ 1903ರಲ್ಲಿ ಪೇಟೆಂಟ್ ಪಡೆದಾಗ ಆಕೆಯ ಮುಂದಿದ್ದ ಪ್ರಶ್ನೆ ಒಂದೇ: ಚಾಲಕನಿಗೆ ದಾರಿ ಕಾಣಬೇಕು. ಇಂದಿಗೂ ಪ್ರಶ್ನೆ ಅದೇ. ನಿಮ್ಮಲ್ಲಿ ಎಷ್ಟೋ ಮಂದಿ ಬೆಂಗಳೂರಿನಿಂದ ರಾತ್ರಿ ಹೊರಟು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿದು ಊರಿಗೆ ಬರುವವರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ತಿರುವಿನಲ್ಲಿ, ಎದುರಿನ ವಾಹನದ ದೀಪ ಗಾಜಿನ ಗೆರೆಗಳಲ್ಲಿ ಚೆದುರಿದಾಗ ಕಣ್ಣಿಗೆ ಕಾಣುವುದು ಬೆಳಕಿನ ಬೂದಿ ಮಾತ್ರ. ಆ ಕ್ಷಣದಲ್ಲಿ ಕಾರಿನ ಸಂಗೀತ ವ್ಯವಸ್ಥೆಯಾಗಲಿ, ಚರ್ಮದ ಹೊದಿಕೆಯಾಗಲಿ ಕೈಹಿಡಿಯುವುದಿಲ್ಲ. ಹಿಂದಿನ ಆಸನದಲ್ಲಿ ಮಲಗಿರುವ ಮಕ್ಕಳ ಕ್ಷೇಮ ಆ ತೆಳ್ಳಗಿನ ರಬ್ಬರಿನ ಅಂಚನ್ನು ಅವಲಂಬಿಸಿರುತ್ತದೆ.

ಆದ್ದರಿಂದ ಮೇ ತಿಂಗಳ ಕೊನೆಯಲ್ಲಿ ಕೊಡೆಯನ್ನು ಅಟ್ಟದಿಂದ ಇಳಿಸುವ ದಿನವೇ ವೈಪರನ್ನೂ ಪರೀಕ್ಷಿಸಿರಿ. ನಿಮ್ಮೆಲ್ಲರ ಪ್ರಯಾಣ ಸುಖಕರವಾಗಲಿ.